ಉದ್ದ ಹಿಡಿದ ಒಂದೇ ಫೋಟೊ

ಮಧುಗಿರಿ
೧೬ ಫೆಬ್ರುವರಿ ೨೦೨೫, ಭಾನುವಾರ

ರಾಜಣ್ಣನವರಿಗೆ,

ಫೋನು ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಎಂದುಕೊಳ್ಳಬೇಡಿ. ಫೋನಿನಲ್ಲಿ ನಾನು ಏನು ಕೇಳಿದರೂ ನೀವು ‘ಹೂಂ ಕಣಮ್ಮ’ ಎನ್ನುತ್ತೀರಿ. ಆ ಹೂಂ ಹೌದೋ ಅಲ್ಲವೋ ನನಗೆ ತಿಳಿಯುವುದಿಲ್ಲ. ಕಾಗದವಾದರೆ ಏನಾದರೊಂದು ಬರೆಯಲೇಬೇಕು. ಬರೆದದ್ದು ಉಳಿಯುತ್ತದೆ ಕೂಡ.

ಪ್ರಭುದೇವ್ ಎಂದು ಹೆಸರು ಹಿಡಿದು ಬರೆಯಲು ನನಗೆ ಇನ್ನೂ ಕೈ ಬರುವುದಿಲ್ಲ. ಇವರು ಎಂದೇ ಬರೆಯುತ್ತೇನೆ. ಇವರು ಹೋಗಿ ಮೂರು ತಿಂಗಳಾಯಿತು. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ನವೆಂಬರ್ ಹತ್ತು, ಭಾನುವಾರ. ಎಂದಿನಂತೆ ನೀವಿಬ್ಬರೂ ಕ್ಯಾಮೆರಾ ತೆಗೆದುಕೊಂಡು ಐ.ಡಿ.ಹಳ್ಳಿ ಕಡೆಯ ಜೋಡುಗುಂಡಿನ ಗುಡ್ಡ ಹತ್ತಿದಿರಿ. ಏಳೂವರೆಗೆ ನಿಮ್ಮ ಫೋನು ಬಂತು. ಇವರು ಬಂಡೆಯಿಂದ ಜಾರಿಬಿದ್ದಿದ್ದರು. ‘ನಾನು ದೊಡ್ಡ ಗುಂಡುಬಂಡೆಯ ಆಚೆ ಬದಿಯಲ್ಲಿದ್ದೆ, ಬಿದ್ದದ್ದು ನೋಡಲಿಲ್ಲ, ಸದ್ದು ಕೇಳಿ ಓಡಿಬಂದೆ’ ಎಂದು ನೀವು ಪೊಲೀಸರಿಗೆ ಹೇಳಿದಿರಿ. ಅಪಘಾತ ಎಂದು ಬರೆದುಕೊಂಡು ಹೋದರು.

ಇವರ ಕ್ಯಾಮೆರಾದ ಕಾರ್ಡನ್ನು ನಿಮ್ಮ ಕೈಗೆ ಕೊಟ್ಟವಳು ನಾನೇ. ಸಂಕ್ರಾಂತಿಗೆ ಮುಂಚೆ ನೀವು ಪ್ರಿಂಟು ಹಾಕಿಸಿ, ಕಾರ್ಡಿನ ಸಮೇತ ತಂದ ಆಲ್ಬಮ್ಮನ್ನು ಬೀರುವಿನಲ್ಲಿ ಇಟ್ಟಿದ್ದೆ. ಹೋದ ವಾರ ತೆಗೆದು ನೋಡಿದೆ. ಒಟ್ಟು ನಲವತ್ತೊಂದು. ನಲವತ್ತು ಅಡ್ಡ. ಕೊನೆಯದೊಂದು ಮಾತ್ರ ಉದ್ದ. ಎದುರು ಬೆಟ್ಟ, ಅದರ ಬುಡದಲ್ಲಿ ಒಂದು ಚೂರು ಕೆರೆ, ಮುಂದೆ ಬಂಡೆಯ ಹಾಸು.

ನಿಮಗೇ ಗೊತ್ತಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ಇವರು ಬೆಟ್ಟಗುಡ್ಡಗಳನ್ನು ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ ತೆಗೆದದ್ದು ನಾನು ಕಂಡಿಲ್ಲ. ‘ನಾನು ಸರ್ವೆಯವನು ಕಣೇ, ನನಗೆ ಭೂಮಿಯ ಅಗಲ ಬೇಕು. ಆಕಾಶ ಅಳೆಯೋ ಕೆಲಸ ನಂಗೆ ಯಾರೂ ಕೊಟ್ಟಿಲ್ಲ’ ಎನ್ನುತ್ತಿದ್ದರು. ಉದ್ದ ಹಿಡಿಯುವವರು ನೀವು. ಅದಕ್ಕೇ ಕೇಳುತ್ತಿದ್ದೇನೆ. ಆ ಕೊನೆಯ ಫೋಟೊ ತೆಗೆದವರು ಯಾರು? ಇವರೇ ಆದರೆ, ಆ ದಿನ ಯಾಕೆ ಉದ್ದ ಹಿಡಿದರು? ಅದರ ಬಗ್ಗೆ ಏನಾದರೂ ಹೇಳಿದರೇ?

ಉತ್ತರವನ್ನು ಮನೆಗೆ ಬರೆಯಬೇಡಿ. ಮೈದುನ ಹಾಲೇಶ ಭಾನುವಾರ ಭಾನುವಾರ ಶಿರಾದಿಂದ ಬರುತ್ತಾನೆ. ಅಣ್ಣ ಹೋದ ಮೇಲೆ ಮನೆಗೆ ಬಂದ ಕಾಗದಗಳನ್ನೆಲ್ಲ ಅವನೇ ಒಡೆಯುವುದು. ಕೊರಟಗೆರೆಯ ನನ್ನ ಶಾಲೆಯ ವಿಳಾಸ ಕೆಳಗಿದೆ.

ಭುವನಾ


ಪಾವಗಡ
೩ ಮಾರ್ಚ್ ೨೦೨೫

ಭುವನಮ್ಮನವರಿಗೆ ನಮಸ್ಕಾರ.

ಕಾಗದ ತಲುಪಿ ಹತ್ತು ದಿನವಾಯಿತು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತೆ, ಅದರ ಮೇಲೆ ಡ್ರಾಯಿಂಗ್ ಮೇಷ್ಟ್ರಾದ ನನಗೇ ಎಲ್ಲ ಬೋರ್ಡು ಬರೆಯುವ ಕೆಲಸ. ತಡವಾಯಿತು, ಮನ್ನಿಸಿ.

ಫೋಟೊ ತೆಗೆದದ್ದು ಪ್ರಭುವೇ. ಅದರಲ್ಲಿ ಸಂಶಯ ಬೇಡ. ಅವನ ಕ್ಯಾಮೆರಾವನ್ನು ನಾನು ಮುಟ್ಟಿಲ್ಲ.

ಯಾಕೆ ಉದ್ದ ಹಿಡಿದ ಎಂದು ಕೇಳಿದ್ದೀರಿ. ನಮ್ಮಿಬ್ಬರಿಗೂ ಆ ಜಗಳ ಕಾಲೇಜಿನ ದಿನದಿಂದ ಇತ್ತು. ಬೆಟ್ಟ ನಿಂತಿದೆ, ಅದರ ಮುಂದೆ ಕ್ಯಾಮೆರಾನೂ ನಿಲ್ಲಲಿ ಎಂಬುದು ನನ್ನ ವಾದ. ಬೆಟ್ಟ ಒಂದೇ ಅಲ್ಲ, ಅದು ಯಾವ ಹೊಲಗಳ ನಡುವೆ ಎದ್ದಿದೆ ಅನ್ನೋದು ಗೊತ್ತಾಗಬೇಕು, ಹಂಗಾಗಿ ಅಡ್ಡ ಎಂಬುದು ಅವನದು. ಇಲ್ಲಿ ತಿರುಮಣಿ ಕಡೆ ಸೋಲಾರ್ ಫಲಕ ಹಾಕಿದಾಗ ಇಬ್ಬರೂ ಹೋಗಿದ್ದೆವು. ನಾನು ಉದ್ದ ಹಿಡಿದು ತೆಗೆದದ್ದರಲ್ಲಿ ನಾಲ್ಕು ಫಲಕ, ಮೇಲೆ ಬರೀ ಬಿಸಿಲು. ಅವನದರಲ್ಲಿ ಕಣ್ಣು ಹರಿಯುವಷ್ಟು ದೂರ ನೀಲಿ. ಆ ದಿನ ನಾನೇ ಸೋತೆ ಎಂದು ಒಪ್ಪಿಕೊಂಡಿದ್ದೆ.

ಮನುಷ್ಯನಿಗೆ ಒಂದು ದಿನ ಬೇರೆ ಥರ ನೋಡೋಣ ಎನ್ನಿಸುತ್ತದೆ. ಅಷ್ಟೇ ಇರಬೇಕು. ಅಡ್ಡ ಹಿಡಿದ, ಉದ್ದ ಹಿಡಿದ, ಮತ್ತೆ ಅಡ್ಡ ತಿರುಗಿಸಿದ, ಕೊನೆಗೆ ಉದ್ದವೇ ಇರಲಿ ಎಂದು ನಿರ್ಧರಿಸಿದ. ಅದಕ್ಕೆ ದೊಡ್ಡ ಅರ್ಥ ಹುಡುಕಬೇಡಿ. ನನಗೆ ಏನೂ ಹೇಳಲಿಲ್ಲ. ನಾನು ಆಚೆ ಬದಿಯಲ್ಲಿದ್ದೆನಲ್ಲ.

ನಿಮ್ಮ ಅತ್ತೆ ಬಸವಮ್ಮನವರ ಮಂಡಿನೋವು ಹೇಗಿದೆ? ಕೇಳಿದೆನೆಂದು ತಿಳಿಸಿ. ಹಾಲೇಶ ಇಲ್ಲದಾಗ ತಿಳಿಸಿ.

ನಿಮ್ಮ
ನರಸಿಂಹರಾಜು


ಕೊರಟಗೆರೆ
೧೪ ಮಾರ್ಚ್ ೨೦೨೫

ನರಸಿಂಹರಾಜು ಅವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವವಳು ನಾನು. ಎಲ್ಲಿ ನಕಲು ಮಾಡಿದ್ದಾರೆ, ಎಲ್ಲಿ ತಾವೇ ಕಂಡದ್ದು ಬರೆದಿದ್ದಾರೆ ಎಂದು ಗೊತ್ತಾಗುತ್ತದೆ. ‘ಅಡ್ಡ ಹಿಡಿದ, ಉದ್ದ ಹಿಡಿದ, ಮತ್ತೆ ಅಡ್ಡ ತಿರುಗಿಸಿದ.’ ಇದು ಕಂಡವರ ಮಾತು. ಮಾಳಿಗೆಮನೆಯಷ್ಟು ಎತ್ತರದ ಗುಂಡಿನ ಆಚೆ ಬದಿಯಿಂದ ನಿಮಗೆ ಇದು ಹೇಗೆ ಕಂಡಿತು?

ಆಲ್ಬಮ್ಮನ್ನೂ ಕಾರ್ಡನ್ನೂ ಮಧುಗಿರಿಯ ಸ್ಟುಡಿಯೊ ರೇಣುಕಯ್ಯನವರ ಹತ್ತಿರ ತೆಗೆದುಕೊಂಡು ಹೋಗಿದ್ದೆ. ನಿಜ ಹೇಳಬೇಕೆಂದರೆ, ನೀವು ಅಡ್ಡ ಫೋಟೊವನ್ನು ಕತ್ತರಿಸಿ ಉದ್ದ ಮಾಡಿದ್ದೀರಿ, ಪಕ್ಕದಲ್ಲಿ ಏನೋ ಇತ್ತು, ಅದನ್ನು ತೆಗೆದುಹಾಕಿದ್ದೀರಿ ಎಂದೇ ನಾನು ಅಂದುಕೊಂಡಿದ್ದೆ. ಅವರು ಕಂಪ್ಯೂಟರಿನಲ್ಲಿ ನೋಡಿ, ‘ಇಲ್ಲ ತಾಯಿ, ಕತ್ತರಿ ಹಾಕಿಲ್ಲ. ಕ್ಯಾಮೆರಾ ಏನು ನೋಡಿತೋ ಅದು ಪೂರ್ತಿ ಇದೆ. ಆರು ಗಂಟೆ ನಲವತ್ತೆರಡು ನಿಮಿಷ’ ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಅವರು ಪ್ರಿಂಟನ್ನು ಕೈಗೆತ್ತಿಕೊಂಡು, ಭೂತಗನ್ನಡಿ ಇಟ್ಟು, ಕೆಳಗಿನ ಅಂಚಿನ ಮೇಲೆ ಬೆರಳಿಟ್ಟರು.

‘ಜೊತೇಲಿ ಯಾರಿದ್ರಮ್ಮ?’

ಬಂಡೆಯ ಹಾಸಿನ ಮೇಲೆ ಎರಡು ನೆರಳು. ಬೆನ್ನ ಹಿಂದೆ ಸೂರ್ಯ ಆಗತಾನೇ ಎದ್ದಿದ್ದಾನೆ, ನೆರಳುಗಳು ಉದ್ದಕ್ಕೆ ಚಾಚಿಕೊಂಡಿವೆ. ಒಂದರ ಬಲಮೊಣಕೈ ಮೇಲೆದ್ದಿದೆ. ಕ್ಯಾಮೆರಾ ಉದ್ದ ಹಿಡಿದರೆ ಕೈ ಹಾಗೇ ಏಳುತ್ತದಂತೆ, ರೇಣುಕಯ್ಯನವರು ಹಿಡಿದು ತೋರಿಸಿದರು. ಅದರ ಪಕ್ಕದಲ್ಲಿ, ಒಂದು ಮೊಳವೂ ದೂರವಿಲ್ಲ, ಇನ್ನೊಂದು ನೆರಳು. ತಲೆಯ ಮೇಲೆ ಚೂಪು ತುದಿಯ ಟೋಪಿ. ಆ ಟೋಪಿ ನನಗೆ ಗೊತ್ತು, ನೀವು ಬಂದಾಗ ನಮ್ಮ ಮನೆಯ ಗೂಟದ ಮೇಲೆ ಎಷ್ಟು ಸಲ ತೂಗಿದೆ.

ಅಡ್ಡ ಹಿಡಿದಿದ್ದರೆ ಈ ನೆಲ ಚೌಕಟ್ಟಿನೊಳಗೆ ಬರುತ್ತಲೇ ಇರಲಿಲ್ಲವಂತೆ.

ಗುಡ್ಡದ ಬುಡದಲ್ಲಿ ಟೀ ಅಂಗಡಿಯ ಕೆಂಚಮ್ಮನನ್ನೂ ಕಂಡು ಬಂದೆ. ‘ಇಬ್ರೂ ವಾದ ಆಡ್ಕೊಂಡೇ ಹತ್ತಿದ್ರು ಕಣವ್ವ. ಆಮ್ಯಾಕೆ ಮೇಲಿಂದ ಕೂಗು ಕೇಳುಸ್ತು. ಹಿಂದಕ್ಕೆ, ಹಿಂದಕ್ಕೆ ಅಂತ. ಜಗಳ ಅನ್ಕಂಡೆ’ ಎಂದಳು. ಪೊಲೀಸರು ಅವಳನ್ನು ಕೇಳಿರಲೇ ಇಲ್ಲ.

ಇಷ್ಟು ನನ್ನ ಹತ್ತಿರವಿದೆ. ಇನ್ನು ನೀವು ಬರೆಯಿರಿ.

ಭುವನಾ


ಪಾವಗಡ
೨ ಏಪ್ರಿಲ್ ೨೦೨೫

ಶ್ರೀಮತಿ ಭುವನಾ ಅವರಿಗೆ,

ನಾನು ಹೇಳಬೇಕಾದದ್ದನ್ನು ಪೊಲೀಸರಿಗೆ ಹೇಳಿದ್ದೇನೆ. ಸಹಿಯನ್ನೂ ಹಾಕಿದ್ದೇನೆ. ನೆರಳು ನೋಡಿ ಮನುಷ್ಯನನ್ನು ಗುರುತಿಸುವುದಾದರೆ ನನಗೆ ಹೇಳುವುದು ಏನೂ ಇಲ್ಲ.

ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲವೆಂದ ಮೇಲೆ ಕಾಗದ ಬರೆದು ಪ್ರಯೋಜನವೇನು? ದಯವಿಟ್ಟು ಇದನ್ನು ಇಲ್ಲಿಗೆ ಬಿಡಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ನರಸಿಂಹರಾಜು


ಮಧುಗಿರಿ
೨೧ ಏಪ್ರಿಲ್ ೨೦೨೫

ನರಸಿಂಹರಾಜು ಅವರಿಗೆ,

‘ನಿಮ್ಮ ಒಳ್ಳೆಯದಕ್ಕೇ’ ಎಂದು ಬರೆದಿದ್ದೀರಿ. ಹೆದರಿಸುವವರೂ ಹೀಗೇ ಬರೆಯುತ್ತಾರೆ. ನೀವು ಆ ಅರ್ಥದಲ್ಲಿ ಬರೆದಿರಿ ಎಂದು ಮೊದಲು ಅನ್ನಿಸಲಿಲ್ಲ. ಎರಡನೇ ದಿನ ಅನ್ನಿಸಿತು. ಅನುಮಾನ ಒಂದು ಸಲ ಒಳಗೆ ಬಂದರೆ ಮನೆಯ ಸಾಮಾನನ್ನೆಲ್ಲ ಜರುಗಿಸಿ ನೋಡುತ್ತದೆ. ನೀವು ತಿಂಗಳಿಗೊಮ್ಮೆ ಅತ್ತೆಗೆ ತರುತ್ತಿದ್ದ ನೋವಿನೆಣ್ಣೆಯ ಸೀಸೆಯನ್ನೂ ಈಗ ಬೇರೆ ಥರ ನೋಡುತ್ತಿದ್ದೇನೆ. ಇವರು ಹೋದ ಮೇಲೆ ಎರಡೇ ಸಲ ಮನೆಗೆ ಬಂದಿರಿ, ಎರಡು ಸಲವೂ ನನ್ನ ಮುಖ ನೋಡಲಿಲ್ಲ. ದುಃಖ ಎಂದುಕೊಂಡಿದ್ದೆ.

ಹಾಲೇಶನಿಗೆ ಕೆಂಚಮ್ಮನ ಮಾತು ಯಾರಿಂದಲೋ ತಿಳಿದಿದೆ. ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಮೇಲಧಿಕಾರಿಗಳಿಗೆ ಅರ್ಜಿ ಬರೆಸಿಕೊಂಡು ಬಂದಿದ್ದಾನೆ. ನಿಮ್ಮ ಹೆಸರಿದೆ. ನನ್ನ ಸಹಿ ಬೇಕು. ಕಾಗದ ಮುಂದಿಟ್ಟು ಅವನು ಅಂದ ಮಾತನ್ನು ನಿಮಗೆ ಬರೆಯುವುದು ನನಗೆ ಕಷ್ಟ, ಆದರೂ ಬರೆಯುತ್ತೇನೆ. ‘ಆ ಜಾತಿ ಜನಾನ ಅಡುಗೆಮನೆ ತನಕ ಬಿಟ್ಕಂಡ್ರಿ ಅತ್ತಿಗೆ. ಅಣ್ಣಂಗೆ ಅದೇ ಮುಳುವಾಯ್ತು.’

‘ಇನ್ನೊಂದು ಸಲ ಆ ಮಾತಾಡಿದರೆ ಈ ಹೊಸಿಲು ತುಳಿಯಬೇಡ’ ಎಂದೆ. ಆದರೆ ಅವನ ಬಾಯಿ ಮುಚ್ಚಿಸಿದಷ್ಟು ಸುಲಭಕ್ಕೆ ನನ್ನ ತಲೆಯೊಳಗಿನದು ಮುಚ್ಚಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗಿದೆ. ನಾಚಿಕೆಯಾಗಿದೆ ಎಂದು ಅನುಮಾನ ಹೋಗುವುದಿಲ್ಲ.

ನಾನು ನೆರಳಿನ ವಿಷಯ ಅವನಿಗೆ ಹೇಳಿಲ್ಲ. ಅರ್ಜಿ ನನ್ನ ಪೆಟ್ಟಿಗೆಯಲ್ಲಿದೆ. ಮೇ ಹತ್ತರವರೆಗೆ ಇಟ್ಟುಕೊಳ್ಳುತ್ತೇನೆ. ಅಷ್ಟರೊಳಗೆ ಆ ದಿನ ಆರು ನಲವತ್ತೆರಡಕ್ಕೆ ಏನಾಯಿತು ಎಂದು ನೀವು ಬರೆಯದಿದ್ದರೆ ಸಹಿ ಹಾಕುತ್ತೇನೆ, ಪ್ರಿಂಟನ್ನೂ ಜೊತೆಗಿಡುತ್ತೇನೆ.

ಶಾಲೆಗೆ ರಜೆ. ರೇಣುಕಯ್ಯನವರ ಸ್ಟುಡಿಯೊ ವಿಳಾಸಕ್ಕೆ ಬರೆಯಿರಿ.

ಭುವನಾ


ಪಾವಗಡ
೫ ಮೇ ೨೦೨೫

ಭುವನಮ್ಮ,

ಪಕ್ಕದಲ್ಲಿದ್ದದ್ದು ನಾನೇ. ಮೊದಲು ಇದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮತ್ತೆ ಸೋಲಾರು, ಶಾಲೆ ಎಂದು ಸುತ್ತಿಕೊಂಡು ಹೋಗುತ್ತೇನೆ.

ಆ ದಿನ ನಾವು ಹತ್ತುವಾಗಲೇ ಪ್ರಭು, ‘ಇವತ್ತು ಉದ್ದ ಒಂದು ತೆಗೀಬೇಕು ಕಣ್ಲಾ’ ಎಂದ. ನನಗೆ ನಂಬಿಕೆಯಾಗಲಿಲ್ಲ. ‘ಏನ್ಲಾ, ಸರ್ವೆ ಇಲಾಖೆ ಆಕಾಶನೂ ಅಳೆಯಕ್ಕೆ ಹೊಂಟೈತಾ?’ ಎಂದು ರೇಗಿಸಿದೆ. ನಕ್ಕ, ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಇಷ್ಟು ವರ್ಷದ ವಾದದಲ್ಲಿ ಕೊನೆಗೂ ಗೆದ್ದೆ ಎಂಬ ಖುಷಿಯಲ್ಲಿದ್ದೆ. ದಾರಿಯುದ್ದಕ್ಕೂ ಅವನಿಗೆ ಪಾಠ ಹೇಳಿದೆ. ಕೆಂಚಮ್ಮ ಕೇಳಿದ ವಾದ ಅದೇ.

ಮೇಲೆ ಹೋದಾಗ ಬಿಸಿಲು ಆಗತಾನೇ ಎದುರು ಬೆಟ್ಟದ ನೆತ್ತಿಗೆ ಬಿದ್ದಿತ್ತು. ಅವನು ಕ್ಯಾಮೆರಾವನ್ನು ಅಡ್ಡ, ಉದ್ದ, ಅಡ್ಡ ಮಾಡಿ ನೋಡಿದ. ಕೈ ರೂಢಿ ಇಲ್ಲ. ನಾನೇ ಪಕ್ಕದಲ್ಲಿ ನಿಂತು ಮೊಣಕೈ ಎತ್ತಿ ಹಿಡಿಸಿದೆ. ಒಂದು ತೆಗೆದ. ಅದೇ ನಿಮ್ಮ ಹತ್ತಿರ ಇರುವುದು. ಹಿಂಬದಿಯ ಪರದೆಯಲ್ಲಿ ನೋಡಿ ತಲೆ ಅಲ್ಲಾಡಿಸಿದ. ಬೆಟ್ಟ ಪೂರ್ತಿ ಬಂದಿದೆ, ಕೆರೆಯ ಏರಿ ಎಡಕ್ಕೆ ಕತ್ತರಿಸಿಹೋಗಿದೆ.

‘ಬುಡ್ಲಾ, ಬೆಟ್ಟ ಸಾಕು’ ಎಂದೆ.

‘ಇಲ್ಲ, ಕೆರೆನೂ ಬೇಕು.’

ಉದ್ದ ಹಿಡಿದರೆ ಅಗಲ ಕಮ್ಮಿಯಾಗುತ್ತದೆ. ಎರಡೂ ಬೇಕೆಂದರೆ ಹಿಂದೆ ಸರಿಯಬೇಕು. ಅಡ್ಡ ಹಿಡಿದಿದ್ದರೆ ನಿಂತಲ್ಲೇ ಎರಡೂ ಸಿಗುತ್ತಿತ್ತು. ಅದು ನನಗೂ ಗೊತ್ತಿತ್ತು. ‘ಅಡ್ಡ ಹಿಡಿ, ಸಿಗ್ತದೆ’ ಎಂದಿದ್ದರೆ ಮುಗಿದಿತ್ತು. ನಾನು ಹೇಳಲಿಲ್ಲ. ಹೇಳಿದರೆ ಗೆದ್ದದ್ದನ್ನು ಕೈಯಾರೆ ವಾಪಸು ಕೊಟ್ಟಂತೆ. ನಾನು ಪಕ್ಕಕ್ಕೆ ಸರಿದು, ಅವನ ಕ್ಯಾಮೆರಾದ ಪರದೆ ನೋಡುತ್ತ, ‘ಹಿಂದಕ್ಕೆ ಬಾ’ ಎಂದೆ. ಬಂದ. ‘ಇನ್ನೂ ಹಿಂದಕ್ಕೆ’ ಎಂದು ಉಮೇದಿನಲ್ಲಿ ಕೂಗಿದೆ. ಅವನ ಕಣ್ಣೂ ನನ್ನ ಕಣ್ಣೂ ಆ ಪರದೆಗೇ ಅಂಟಿದ್ದವು. ಏರಿ ಚೌಕಟ್ಟಿನೊಳಗೆ ಬಂತು. ‘ಬಂತು ಬಂತು’ ಎಂದ. ಆಮೇಲೆ ಅವನಿರಲಿಲ್ಲ.

ಅವನು ಬಿದ್ದದ್ದು ಎರಡು ಗುಂಡುಗಳ ನಡುವಿನ ಸಂದಿಗೆ. ನಾನು ಇಳಿಯುವಷ್ಟರಲ್ಲಿ ಉಸಿರಿರಲಿಲ್ಲ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದೆ. ಫೋನು ಮಾಡಬೇಕೆಂದೂ ಹೊಳೆಯಲಿಲ್ಲ. ಆ ಅರ್ಧ ಗಂಟೆಯನ್ನು ನೀವು ಕೇಳಲಿಲ್ಲ, ಆದರೆ ಲೆಕ್ಕ ಹಾಕಿರುತ್ತೀರಿ.

ಸುಳ್ಳು ಯಾಕೆ ಹೇಳಿದೆ? ಇನ್‌ಸ್ಪೆಕ್ಟರು ಮೊದಲು ಕೇಳಿದ್ದು ನನ್ನ ಹೆಸರು. ಎರಡನೆಯದು ಊರು, ಮೂರನೆಯದು ಯಾವ ಜನ. ಹಾಲೇಶ ಅಲ್ಲೇ ನಿಂತು ನನ್ನನ್ನು ನೋಡುತ್ತಿದ್ದ. ‘ಪಕ್ಕದಲ್ಲೇ ನಿಂತು ಹಿಂದಕ್ಕೆ ಹಿಂದಕ್ಕೆ ಅಂದೆ ಸಾರ್’ ಎಂದರೆ ಏನಾಗುತ್ತಿತ್ತು ಎಂದು ನೀವೇ ಯೋಚಿಸಿ. ಬಾಯಿಂದ ‘ಆಚೆ ಬದಿಯಲ್ಲಿದ್ದೆ’ ಎಂದು ಬಂತು. ಒಂದು ಸಲ ಬಂದ ಮೇಲೆ ಅದನ್ನೇ ಹಿಡಿದುಕೊಂಡೆ. ಆದರೆ ಹೆದರಿಕೆ ಅರ್ಧ ಮಾತ್ರ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ ಎಂಬುದು ಇನ್ನರ್ಧ.

ಇನ್ನೊಂದು ಹೇಳಬೇಕು. ಪ್ರಿಂಟು ಹಾಕಿಸುವ ಮುಂಚೆ ಆ ನೆರಳನ್ನು ನಾನೂ ಕಂಡೆ. ಕೆಳಗಿನ ಅರ್ಧ ಕತ್ತರಿಸಿದ್ದರೆ ಅಚ್ಚುಕಟ್ಟಾದ ಅಡ್ಡ ಫೋಟೊ ಆಗುತ್ತಿತ್ತು. ಅವನ ಉಳಿದ ನಲವತ್ತರ ಜೊತೆ ಸೇರಿಹೋಗುತ್ತಿತ್ತು, ನೀವು ಏನನ್ನೂ ಕೇಳುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಗೆರೆ ಎಳೆದು ನೋಡಿದೆ ಕೂಡ. ಅವನು ತೆಗೆದ ಕೊನೆಯದು. ಅವನು ಉದ್ದ ಬೇಕೆಂದು ತೆಗೆದದ್ದನ್ನು ನನ್ನ ಜೀವ ಉಳಿಸಿಕೊಳ್ಳಲು ಅಡ್ಡ ಮಾಡಲು ಕೈ ಬರಲಿಲ್ಲ.

ಅರ್ಜಿಗೆ ಸಹಿ ಹಾಕುವುದಾದರೆ ಹಾಕಿ. ಈ ಕಾಗದವನ್ನೂ ಜೊತೆಗಿಡಿ.

ನರಸಿಂಹರಾಜು


ಕೊರಟಗೆರೆ
೮ ಜೂನ್ ೨೦೨೫

ರಾಜಣ್ಣ,

ಒಂದು ತಿಂಗಳು ನಿಮ್ಮನ್ನು ಕಾಯಿಸಿದೆ. ದಿನವೂ ಪೊಲೀಸರ ಜೀಪನ್ನು ನಿರೀಕ್ಷಿಸಿರುತ್ತೀರಿ. ಅರ್ಜಿಗೆ ಸಹಿ ಹಾಕಿಲ್ಲ. ಅದನ್ನು ಮೊದಲೇ ಒಂದು ಕಾರ್ಡಿನಲ್ಲಿ ತಿಳಿಸಬಹುದಿತ್ತು. ತಿಳಿಸಿದ್ದರೆ ಯಾಕೆ ಎಂದು ಬರೆಯಬೇಕಾಗುತ್ತಿತ್ತು. ಅದಕ್ಕೇ ಈ ತಡ.

ಇವರು ಕಾರಣ ಹೇಳಲಿಲ್ಲ ಎಂದು ಬರೆದಿದ್ದೀರಿ. ಆ ಒಂದು ಸಾಲನ್ನು ಓದಿದಾಗ ಮೊದಲು ನನಗೆ ಬಂದದ್ದು ಸಮಾಧಾನ. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆ. ಮೊದಲ ಕಾಗದದಿಂದಲೂ ನಾನು ನಿಮ್ಮನ್ನು ಕೇಳುತ್ತಿದ್ದದ್ದು ಅದೊಂದೇ. ಇವರು ಏನಾದರೂ ಹೇಳಿದರೇ? ಅಂದರೆ, ನನ್ನ ಹೆಸರು ಹೇಳಿದರೇ?

ಉದ್ದ ಫೋಟೊ ಕೇಳಿದವಳು ನಾನು.

ನಮ್ಮ ಶಾಲೆಗೆ ಐವತ್ತು ವರ್ಷ ತುಂಬುತ್ತಿತ್ತು. ಸ್ಮರಣ ಸಂಚಿಕೆಯ ಜವಾಬ್ದಾರಿ ನನ್ನದು. ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಶಾಲೆಯಿಂದ ಬಂದವಳೇ ಇವರಿಗೆ ಗಂಟುಬಿದ್ದೆ. ‘ಮುಖಪುಟ ಉದ್ದ ಇರುತ್ತೆ, ನಿಮ್ಮ ಫೋಟೊ ಎಲ್ಲ ಮಲಗಿರೋವು. ಕತ್ತರಿಸಿದರೆ ಅರ್ಧ ಬೆಟ್ಟ ಹೋಗುತ್ತೆ. ಒಂದು ನಿಂತಿದ್ದು ತೆಗೆದುಕೊಂಡು ಬನ್ನಿ. ಬೆಟ್ಟನೂ ಬರಬೇಕು, ಕೆರೆನೂ ಬರಬೇಕು. ನಮ್ಮ ಮಕ್ಕಳು ಬರೋದು ಕೆರೆ ಬಯಲಿನ ಊರುಗಳಿಂದ.’

‘ನಂಗೆ ಆ ಥರ ತೆಗೆಯಕ್ಕೆ ಬರಲ್ಲ. ಬೇರೆ ಯಾರದಾದರೂ ಹಾಕ್ಕೋ’ ಎಂದರು.

‘ಹಾಗಾದರೆ ರಾಜಣ್ಣನವರನ್ನೇ ಕೇಳ್ತೀನಿ ಬಿಡಿ. ಅವರಿಗೆ ಬರುತ್ತೆ’ ಎಂದೆ.

ಬೇಕೆಂದೇ ಅಂದೆ ರಾಜಣ್ಣ. ಇವರಿಗೆ ಚುಚ್ಚುತ್ತದೆ ಎಂದು ಗೊತ್ತಿದ್ದೇ ಅಂದೆ. ಇವರು ಲೆನ್ಸು ಒರೆಸುತ್ತ ಕೂತರು. ಬೆಳಗ್ಗೆ ಹೋಗುವಾಗ ಬಾಗಿಲಲ್ಲಿ ನಿಂತು, ‘ಕೆರೆನೂ ಬರಬೇಕು ಅಲ್ವಾ?’ ಎಂದು ಕೇಳಿದರು. ನಾನು ಹಾಸಿಗೆಯಿಂದಲೇ ಹೂಂ ಎಂದೆ.

ಇವರು ಉದ್ದ ತೆಗೆಯುವವರೇ ಅಲ್ಲ ಎಂದು ನಿಮಗೆ ಬರೆದೆ. ರೇಣುಕಯ್ಯನವರಿಗೆ ಹೇಳಿದೆ, ಕೆಂಚಮ್ಮನಿಗೆ ಹೇಳಿದೆ. ಆಲ್ಬಮ್ಮಿನಲ್ಲಿ ಆ ಫೋಟೊ ಕಂಡ ಕ್ಷಣವೇ ಅದು ಯಾರಿಗಾಗಿ ತೆಗೆದದ್ದು ಎಂದು ನನಗೆ ಗೊತ್ತಾಗಿತ್ತು. ಅದು ನಿಮ್ಮದಾಗಲಿ, ನೀವು ಕತ್ತರಿಸಿದ್ದಾಗಲಿ, ನೀವು ತಳ್ಳಿದ್ದೇ ಆಗಲಿ, ನನ್ನದೊಂದು ಆಗದಿರಲಿ ಎಂದು ಊರೂರು ಸುತ್ತಿ ಸಾಕ್ಷಿ ಕೂಡಿಸಿದೆ. ಆ ಅರ್ಜಿಗೆ ಸಹಿ ಹಾಕಿದ್ದರೆ ನೀವು ಕೆಲಸ ಕಳೆದುಕೊಳ್ಳುತ್ತಿದ್ದಿರಿ, ಜೈಲು ಕಾಣುತ್ತಿದ್ದಿರೋ ಏನೋ. ಪೆನ್ನಿನ ಮುಚ್ಚಳ ತೆಗೆದದ್ದೂ ಉಂಟು.

ಹಾಲೇಶ ದಿನಾ ಫೋನು ಮಾಡಿ ಅರ್ಜಿ ಎಲ್ಲಿ ಎಂದು ಕೇಳುತ್ತಿದ್ದಾನೆ. ಅತ್ತೆಗೆ ಇದು ಯಾವುದೂ ಗೊತ್ತಿಲ್ಲ. ಇಪ್ಪತ್ತೆರಡನೇ ತಾರೀಕು ಭಾನುವಾರ ಅವನು ಬರುತ್ತಾನೆ. ನೀವೂ ಬನ್ನಿ. ಬರೆದದ್ದನ್ನು ಅವರಿಬ್ಬರ ಎದುರಿಗೆ ಬಾಯಿಬಿಟ್ಟು ಹೇಳಿ. ನನ್ನ ಮಾತು ನಾನು ಹೇಳುತ್ತೇನೆ, ನಿಮಗಿಂತ ಮೊದಲು.

ನಿಮಗೆ ಇಷ್ಟವಿಲ್ಲದಿದ್ದರೆ ಬಲವಂತವಿಲ್ಲ. ಕೇಳುವ ಹಕ್ಕು ನನಗೆ ಉಳಿದಿಲ್ಲ ಎಂದು ಗೊತ್ತಿದೆ.

ಭುವನಾ


ಪಾವಗಡ
೧೬ ಜೂನ್ ೨೦೨೫

ಭುವನಮ್ಮ,

ಬರುತ್ತೇನೆ.

ನಿಮ್ಮ ಕಾಗದವನ್ನು ಓದಿ ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳು ನನ್ನನ್ನು ಸುಟ್ಟಿರಿ. ಎರಡು ದಿನ ಬಿಟ್ಟು ಮತ್ತೆ ಓದಿದೆ. ಬಾಗಿಲಲ್ಲಿ ನಿಂತು ಕೆರೆ ಬಗ್ಗೆ ಕೇಳಿದ ಎಂದಿರಲ್ಲ, ಅಲ್ಲಿಗೆ ಬಂದಾಗ ಸಿಟ್ಟು ಇಳಿಯಿತು. ಅವನು ನನ್ನನ್ನು ಒಪ್ಪಿ ಉದ್ದ ಹಿಡಿದ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ನನ್ನ ಹೆಂಡತಿ, ಒಬ್ಬರೇ ಹೋಗಬೇಡಿ ಎನ್ನುತ್ತಿದ್ದಾಳೆ. ಒಬ್ಬನೇ ಬರುತ್ತೇನೆ.

ರಾಜು


ಮಧುಗಿರಿ
೭ ಜುಲೈ ೨೦೨೫

ರಾಜಣ್ಣ,

ನೀವು ಹೋಗಿ ಎರಡು ವಾರವಾಯಿತು. ಠಾಣೆಗೆ ಹೋಗಿ ಹೇಳಿಕೆಯನ್ನು ತಿದ್ದಿ ಬರೆಸಿದಿರಿ ಎಂದು ಅಲ್ಲಿಂದ ಬಂದ ಕಾನ್‌ಸ್ಟೆಬಲ್ ಹೇಳಿದರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಸ್ಮರಣ ಸಂಚಿಕೆಯ ವಿಷಯ ಹೇಳಿದಾಗ, ‘ಇದೆಲ್ಲ ಬೇಕೇನಮ್ಮ?’ ಎಂದರು. ಬೇಕು, ಬರೆದುಕೊಳ್ಳಿ ಎಂದೆ.

ಆ ದಿನ ಹಾಲೇಶ ನಿಮ್ಮ ಕಡೆ ತಿರುಗಿ ಕೂಡ ನೋಡದೆ ಎದ್ದುಹೋದದ್ದಕ್ಕೆ ನಿಮಗೆ ನೋವಾಗಿದೆ. ನನಗೂ ಆಗಿದೆ. ಅರ್ಜಿಯನ್ನು ಅವನು ವಾಪಸು ಒಯ್ದ. ಹರಿದನೋ ಇಟ್ಟುಕೊಂಡಿದ್ದಾನೋ ಗೊತ್ತಿಲ್ಲ. ಕೇಳುವುದಿಲ್ಲ. ಅವನ ಮನಸ್ಸು ಒಂದೇ ದಿನಕ್ಕೆ ತಿರುಗಿತು ಎಂದು ನಿಮಗೆ ಬರೆಯಲಾರೆ. ಹೋದ ಭಾನುವಾರ ಅವನು ಬರಲಿಲ್ಲ.

ಅತ್ತೆಯ ವಿಷಯಕ್ಕೇ ಈ ಕಾಗದ. ನಾವಿಬ್ಬರೂ ಹೇಳಿ ಮುಗಿಸಿದಾಗ ಅವರು ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರಲ್ಲ. ‘ಊಟ ಮಾಡ್ಕಂಡ್ ಹೋಗಪ್ಪ’ ಎಂದದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಅವರು ನಮ್ಮನ್ನು ಕ್ಷಮಿಸಲಿಲ್ಲ ಎಂದುಕೊಂಡು ನೀವು ಬಸ್ಸು ಹತ್ತಿದಿರಿ. ನನಗೂ ಹಾಗೇ ಅನ್ನಿಸಿತ್ತು.

ನೀವು ಹೋದ ಮೇಲೆ ನಾನು ಅವರ ಕಾಲು ಹಿಡಿದು ಕೂತು ಅತ್ತುಬಿಟ್ಟೆ. ನಾನು ಆ ಮಾತು ಅನ್ನದಿದ್ದರೆ, ನಾನು ಕೇಳದಿದ್ದರೆ ಎಂದು ಅದನ್ನೇ ಎಷ್ಟೋ ಸಲ ಹೇಳಿದೆ. ಆಮೇಲೆ ಸಿಟ್ಟಿನಿಂದಲೇ ನನ್ನ ಕೈ ಕೊಡವಿಹಾಕಿದರು.

‘ನಾನೇ ಮಾಡ್ದೆ ಅಂತೀಯ ನೀನು. ತಾನೇ ಮಾಡ್ದೆ ಅಂತಾನೆ ಅವ್ನು. ಎಲ್ಲಾನೂ ನೀವಿಬ್ರೇ ಹಂಚ್ಕಂಡ್ಬುಟ್ರೆ ನನ್ ಮಗನ ಪಾಲಿಗೆ ಏನವ್ವ ಉಳೀತು? ನಲವತ್ತು ವರ್ಸದ ಗಂಡಸು. ಹಿಂದೆ ತಿರುಗಿ ನೋಡ್ದೆ ಕಾಲಿಟ್ಟೋನು ಅವ್ನು. ಅದೊಂದು ಹೆಜ್ಜೆನಾದ್ರೂ ಅವ್ನುಗೆ ಬುಡ್ರಿ.’

ಅಷ್ಟು ಹೇಳಿ ಎದ್ದು ಒಳಗೆ ಹೋದರು.

ಭುವನಾ